ಕಾರ್ನಾಡರು ಲೆಕ್ಕ ಕಲಿತ ಕಾಲೇಜು

ಧಾರವಾಡ ಸ್ಟೇಷನ್ನಿನಲ್ಲಿ ಇಳಿದು 'ಕರ್ನಾಟಕ ಕಾಲೇಜು' ಅನ್ನಿ ಸಾಕು. 'ಕೆ.ಸಿ.ಡಿ. ಏನ್ರೀ? ಕೂಡ್ರಿ' ಎಂದು ಆಟೋದವರು ಹೊರಟೇಬಿಡುತ್ತಾರೆ. ದೂರವೇನಿಲ್ಲ. ಯಾಕೆ ದೂರವಿಲ್ಲ ಅನ್ನುವುದರಲ್ಲೇ ಒಂದು ಕಥೆಯಿದೆ, ಸ್ವಲ್ಪ ತಾಳಿ.

ಮೊದಲು ದಾರಿ. ಬೆಂಗಳೂರಿನವರು ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಬೆಳಗ್ಗೆ ಧಾರವಾಡ. ಹಗಲೇ ಹೋಗಬೇಕು, ಜೇಬೂ ಗಟ್ಟಿಯಿದೆ ಅನ್ನುವವರಿಗೆ 2023ರ ಜೂನ್‌ನಿಂದ ವಂದೇ ಭಾರತ್ ಇದೆ. ಹುಬ್ಬಳ್ಳಿಯವರೆಗೆ ಬಂದವರಿಗಂತೂ ಚಿಂತೆಯೇ ಇಲ್ಲ. ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ತನ್ನದೇ ಪ್ರತ್ಯೇಕ ರಸ್ತೆಯಲ್ಲಿ ಓಡುವ 'ಚಿಗರಿ' ಬಸ್ಸು. ಚಿಗರಿ ಅಂದರೆ ಜಿಂಕೆ. ಹೆಸರಿಟ್ಟ ಪುಣ್ಯಾತ್ಮನಿಗೆ ಒಂದು ನಮಸ್ಕಾರ!

ನನ್ನ ಜೊತೆ ರಾಣೆಬೆನ್ನೂರಿನ ಅಕ್ಕನ ಮಗಳೂ ಇದ್ದಳು. ಪಿ.ಯು.ಸಿ. ಮುಗಿದಿದೆ, ಮಾರ್ಕೂ ಚೆನ್ನಾಗಿ ಬಂದಿದೆ. ಹುಡುಗಿಗೆ ನಾಟಕದ ಹುಚ್ಚು, ಬಿ.ಎ. ಓದುತ್ತೇನೆ ಅಂತಾಳೆ. ನಮ್ಮ ಭಾವನಿಗೆ ಇಂಜಿನಿಯರಿಂಗೇ ಆಗಬೇಕು. 'ಬಿ.ಎ. ಓದಿ ಬಣ್ಣ ಹಚ್ಚತೀಯೇನ? ಹೊಟ್ಟಿಗೇನು ಮಾಡ್ತೀ?' ಎಂದು ಮನೆಯಲ್ಲಿ ದಿನಾ ಕ್ಲೈಮ್ಯಾಕ್ಸ್ ಸೀನು. ಸಿನಿಮಾ ಪತ್ರಿಕೆಗೆ ಬರೆಯುವ ಮಾವನೇ ಅವಳ ತಲೆ ಕೆಡಿಸಿದ್ದು ಅಂತ ನನ್ನ ಮೇಲೂ ಒಂದು ಕಣ್ಣು! 'ನೋಡಿಕೊಂಡು ಬರೋಣ ಬಾ' ಎಂದು ಕರೆದುಕೊಂಡು ಹೋಗಿದ್ದೆ.

ಗೇಟಿನೊಳಗೆ ಕಾಲಿಟ್ಟರೆ ಎದುರಿಗೆ ಕಲ್ಲಿನ ಕಟ್ಟಡ. ಪಾಠ ಹೇಳಲಿಕ್ಕೆಂದು ಕಟ್ಟಿದ್ದಲ್ಲ ಇದು, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಛೇರಿ! ಸ್ಟೇಷನ್ ಹತ್ತಿರ ಯಾಕೆ ಅಂತ ಈಗ ತಿಳಿಯಿತಲ್ಲ? 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ, ಮುಖ್ಯ ಕಛೇರಿ ಮದರಾಸಿನ ಪಾಲಾಯಿತು. ಕಂಪನಿ ಎದ್ದು ಹೋಯಿತು, ಸೆಟ್ಟು ಇಲ್ಲೇ ಉಳಿಯಿತು.

ಆ ಕಾಲಕ್ಕೆ ಈ ಕಡೆಯ ಕನ್ನಡದ ಹುಡುಗರು ಡಿಗ್ರಿ ಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟು ಕಟ್ಟಬೇಕಿತ್ತು. ನಮ್ಮ ಬೇಂದ್ರೆಯವರು ಬಿ.ಎ. ಮಾಡಿದ್ದೂ ಪುಣೆಯ ಫರ್ಗ್ಯುಸನ್ನಿನಲ್ಲಿ. ಊಟ, ಬಾಡಿಗೆಯ ಖರ್ಚು ಹೊರಲಾರದವರ ಓದು ಮೆಟ್ರಿಕ್ಕಿಗೇ ಮುಗಿಯುತ್ತಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಓಡಾಡಿದ ಮೇಲೆ 1917ರಲ್ಲಿ ಕಾಲೇಜು ಶುರುವಾಯಿತು. ಆಗ ಮುಂಬಯಿ ವಿಶ್ವವಿದ್ಯಾಲಯದ ಕೈಕೆಳಗೆ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯದ್ದು.

ಐವತ್ತರ ದಶಕದಲ್ಲಿ ಇಲ್ಲಿ ಪ್ರಿನ್ಸಿಪಾಲರಾಗಿದ್ದವರು ವಿ.ಕೃ. ಗೋಕಾಕರು. ಹೌದು, 1982ರಲ್ಲಿ ಯಾರ ವರದಿ ಜಾರಿಯಾಗಲಿ ಎಂದು ಡಾ. ರಾಜ್ ಬೀದಿಗಿಳಿದರೋ ಅದೇ ಗೋಕಾಕರು. ಅದೇ ದಶಕದಲ್ಲಿ ಬೆಂಚಿನ ಮೇಲೆ ಕುಳಿತಿದ್ದ ಹುಡುಗ ಗಿರೀಶ ಕಾರ್ನಾಡ. ಪ್ರಿನ್ಸಿಪಾಲರಿಗೆ 1990ರ ಜ್ಞಾನಪೀಠ, ಹುಡುಗನಿಗೆ 1998ರದ್ದು. ಒಂದೇ ಕಾಲೇಜಿಗೆ ಇನ್ನೇನು ಬೇಕು ಹೇಳಿ!

ಇದನ್ನು ಹೇಳಿದ್ದೇ ತಡ, ಹುಡುಗಿ ಕುಣಿದಳು. 'ನೋಡು ಮಾಮಾ, ಕಾರ್ನಾಡರೂ ಇಲ್ಲೇ ಬಿ.ಎ. ಮಾಡಿದ್ದು!'

'ಮಾಡಿದ್ದು ಹೌದು. ವಿಷಯ ಯಾವುದು ಗೊತ್ತೇನೇ?'

'ಸಾಹಿತ್ಯ?'

'ಗಣಿತ, ಸಂಖ್ಯಾಶಾಸ್ತ್ರ!'

ಹುಡುಗಿಯ ಮುಖ ಇಂಟರ್ವಲ್ಲಿನಲ್ಲಿ ಕರೆಂಟು ಹೋದ ಟಾಕೀಸಿನಂತಾಯಿತು. ನಿಜ ಸಂಗತಿ ಅದು. 1958ರಲ್ಲಿ ಬಿ.ಎ. ಪಾಸಾದ ಕಾರ್ನಾಡರು ಲೆಕ್ಕ ಹಿಡಿದದ್ದು ಪ್ರೀತಿಯಿಂದಲ್ಲ. ಲೆಕ್ಕದಲ್ಲಿ ಮಾರ್ಕು ಜಾಸ್ತಿ ಬರುತ್ತೆ, ರ್‍ಯಾಂಕು ಬಂದರೆ ಹೊರದೇಶದ ಸ್ಕಾಲರ್‌ಶಿಪ್ ಸಿಗುತ್ತೆ ಅಂತ. ಅವರ ಲೆಕ್ಕ ತಪ್ಪಲೂ ಇಲ್ಲ, ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡಿಗೆ ಹೋದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಆಸೆಯಿದ್ದವರು ಹೊರಡುವ ಗಡಿಬಿಡಿಯಲ್ಲೇ ಕನ್ನಡದಲ್ಲಿ 'ಯಯಾತಿ' ಬರೆದರು. ಅದನ್ನು 1961ರಲ್ಲಿ ಅಚ್ಚು ಹಾಕಿದ್ದು ಇದೇ ಊರಿನ ಮನೋಹರ ಗ್ರಂಥಮಾಲೆ. 1970ರ 'ಸಂಸ್ಕಾರ', 1973ರ 'ಕಾಡು', 1978ರ 'ಒಂದಾನೊಂದು ಕಾಲದಲ್ಲಿ' ಎಲ್ಲ ಆಮೇಲಿನ ರೀಲುಗಳು.

ಅಂದರೆ ಈ ಕೇಸಿನಲ್ಲಿ ಕಾರ್ನಾಡರು ಭಾವನ ಕಡೆಯ ಸಾಕ್ಷಿಯೋ, ಸೊಸೆಯ ಕಡೆಯ ಸಾಕ್ಷಿಯೋ? ನನ್ನ ಓಟು ಹುಡುಗಿಗೇ. ಆದರೂ ಭಾವನ ಹೆದರಿಕೆ ಸುಳ್ಳೆಂದು ನಾನು ಹೇಳಲಾರೆ. ಚಿತ್ರರಂಗದಲ್ಲಿ ಬಣ್ಣ ಹಚ್ಚಿ ಬರಿಗೈಯಲ್ಲಿ ಊರಿಗೆ ಹೋದವರನ್ನು ಕಂಡವನು ನಾನು.

ಆವರಣದಲ್ಲೇ 'ಸೃಜನಾ' ರಂಗಮಂದಿರವಿದೆ, ನೋಡದೆ ಬರಬೇಡಿ. ಈಗ ಆರ್ಟ್ಸ್ ಬೇರೆ, ಸೈನ್ಸ್ ಬೇರೆ ಕಾಲೇಜು. ಫಾರಂಗೆ ಹೋಗುವವರು ಯಾವ ಆಫೀಸು ಅಂತ ಮೊದಲೇ ಕೇಳಿಕೊಳ್ಳಿ. ಪರೀಕ್ಷೆಯ ದಿನ ಬೇಡ. ಜೂನ್, ಜುಲೈನಲ್ಲಾದರೆ ಕೊಡೆ ಬೇಕೇ ಬೇಕು. ಧಾರವಾಡದ ಮಳೆ ಹೇಳಿ ಕೇಳಿ ಬರುವುದಲ್ಲ.

ಹುಡುಗಿ ರಂಗಮಂದಿರದ ಎದುರು ನಿಂತು ಅಪ್ಪನಿಗೆ ಫೋನ್ ಹಚ್ಚಿದಳು. ಏನು ಜಗಳವೋ, ಏನು ರಾಜಿಯೋ, ನಾನು ದೂರವೇ ನಿಂತಿದ್ದೆ. 'ಲೆಕ್ಕಾನೂ ತಗೋತೀನಿ ಅಪ್ಪಾ' ಅಂದದ್ದು ಮಾತ್ರ ಕೇಳಿಸಿತು. ಆಮೇಲೆ ಫೋನು ನನ್ನ ಕೈಗೆ ಬಂತು. ಆ ಕಡೆ ಭಾವ ಬಹಳ ಹೊತ್ತು ಮಾತೇ ಆಡಲಿಲ್ಲ.

ಕೊನೆಗೆ ಕೇಳಿದರು: 'ಹುಡುಗ್ಯಾರ ಹಾಸ್ಟೆಲ್ ಹೆಂಗೈತಂತ ನೋಡಿದ್ಯೇನಪಾ?'

'ಈಗ ನೋಡ್ತೀನಿ ಭಾವಾ' ಅಂದು ಕೊಡೆ ಬಿಚ್ಚಿದೆ.