ಮಾಗಿದ ಕಂಠ

ವಯಸ್ಸಾದ ಹಾಡುಗಾರರ ವಿಷಯದಲ್ಲಿ ನಮ್ಮ ಜನರು ಬಹು ಬೇಗ ತೀರ್ಪು ಹೇಳಿಬಿಡುವರು. ಐವತ್ತು ದಾಟಿತೆಂದರೆ ‘ಕಂಠ ಹೋಯಿತು’ ಎನ್ನುವರು. ಅರವತ್ತು ದಾಟಿತೆಂದರೆ ‘ಹಿಂದೆ ಕೇಳಬೇಕಾಗಿತ್ತು’ ಎನ್ನುವರು. ಹಿಂದೆ ಕೇಳಿದವರು ಯಾರೆಂದು ವಿಚಾರಿಸಹೋದರೆ ಸಭೆಯಲ್ಲಿ ಒಬ್ಬಿಬ್ಬರೂ ಸಿಗುವದು ಕಷ್ಟ. ಮಾವಿನ ವಿಷಯದಲ್ಲಿ ಹಣ್ಣನ್ನು ಬಯಸುವ ನಾವು ಕಂಠದ ವಿಷಯದಲ್ಲಿ ಮಾತ್ರ ಕಾಯಿಯನ್ನೇ ಬಯಸುತ್ತೇವೆ. ಇದು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಿಸಬೇಕೆಂದು ನಮಗೆ ಅನಿಸಿದೆ.

ಕಳೆದ ಶ್ರಾವಣದಲ್ಲಿ ನಮ್ಮ ತಂಗಿಯ ಮಗನು ಬೆಂಗಳೂರಿನಿಂದ ಅಳ್ನಾವರಕ್ಕೆ ಬಂದಿದ್ದನು. ನಮ್ಮ ಊರಿನ ಮಳೆಯ ಪರಿಚಯವು ವಾಚಕರಲ್ಲಿ ಕೆಲವರಿಗೆ ಇರಬಹುದು. ಧಾರವಾಡದಲ್ಲಿ ಹನಿಯಾದರೆ ಇಲ್ಲಿ ಧಾರೆ. ಮೂರು ದಿನ ಹೊರಗೆ ಕಾಲಿಡುವಂತಿರಲಿಲ್ಲ. ಹುಡುಗನು ಬೇಸತ್ತು ತನ್ನ ಮೊಬೈಲಿಗೆ ಒಂದು ಸಣ್ಣ ಸ್ಪೀಕರನ್ನು ಜೋಡಿಸಿ ತನಗೆ ಪ್ರಿಯವಾದ ಸಂಗೀತವನ್ನು ಹಚ್ಚಿದನು. ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಕೂಡ ಕೇಳದಂತಾಯಿತು. ನಮ್ಮ ಅಕ್ಕನವರು ಅಡಿಗೆಮನೆಯಿಂದ ಹೊರಗೆ ಬಂದು, “ಇದು ಹಾಡೋ, ಬಾಜಾರದಾಗಿನ ಜಗಳೋ?” ಎಂದು ಕೇಳಿದರು.

“ಇದಕ್ಕ ಹೆವಿ ಮೆಟಲ್ ಅಂತಾರ, ದೊಡ್ಡವ್ವಾ. ಹಾಡಾಂವಗ ಅರವತ್ನಾಕು ವರ್ಷ.”

“ಅರವತ್ನಾಕ? ಮತ್ತ ಅಷ್ಟು ದಮ್ಮು ಎಲ್ಲಿಂದ ತರ್ತಾನ?”

ಅಕ್ಕನವರು ಕೇಳಿದ ಈ ಎರಡನೆಯ ಪ್ರಶ್ನೆಯು ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಡುಗನಿಂದಲೇ ಕೇಳಿ ತಿಳಿದೆವು, ಕೆಲವನ್ನು ಆಮೇಲೆ ಓದಿಯೂ ತಿಳಿದೆವು. ಹಾಡುಗಾರನ ಹೆಸರು ರಾನಿ ಜೇಮ್ಸ್ ಡಿಯೋ. ಅಮೆರಿಕದವನು, ೧೯೪೨ರಲ್ಲಿ ಹುಟ್ಟಿ ೨೦೧೦ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡನು. ೧೯೮೦ರ ಸುಮಾರಿಗೆ ಬ್ಲ್ಯಾಕ್ ಸ್ಯಾಬತ್ ಎಂಬ ಮೇಳದಲ್ಲಿ ಹಾಡುತ್ತಿದ್ದ ಈತನು, ಅದೇ ಸಂಗಡಿಗರನ್ನು ಕೂಡಿಕೊಂಡು ಹೆವನ್ ಅಂಡ್ ಹೆಲ್ ಎಂಬ ಹೆಸರಿನಿಂದ ೨೦೦೭ನೆಯ ಮಾರ್ಚ್ ೩೦ರಂದು ನ್ಯೂಯಾರ್ಕಿನ ರೇಡಿಯೋ ಸಿಟಿ ಸಭಾಗೃಹದಲ್ಲಿ ಹಾಡಿದನು. ಅಂದಿನ ಕಚೇರಿಯನ್ನೇ ಧ್ವನಿಮುದ್ರಿಸಿ ಆಲ್ಬಮ್ ಮಾಡಿದ್ದಾರೆ. ನಾವು ಕೇಳಿದ್ದು ಅದನ್ನೇ.

ಅವನ ಮೇಳದವರ ಗದ್ದಲವು ನಮ್ಮ ಕಿವಿಗೆ ಹಿಡಿಸಲಿಲ್ಲವೆಂಬುದನ್ನು ಮುಚ್ಚಿಡಲಾರೆವು. ಆದರೆ ಎರಡನೆಯ ಸಲ, ಮೂರನೆಯ ಸಲ ಕೇಳುವಾಗ ಗದ್ದಲವನ್ನು ಬದಿಗೆ ಸರಿಸಿ ಕಂಠವೊಂದನ್ನೇ ಹಿಂಬಾಲಿಸಿದೆವು. ಆಗ ತಿಳಿದುಬಂದ ಸಂಗತಿಯೇನೆಂದರೆ, ಆ ಮನುಷ್ಯನು ಒದರುತ್ತಿಲ್ಲ. ಒದರುವವನ ಶಬ್ದವು ಗಂಟಲಿನಲ್ಲಿ ಹುಟ್ಟಿ ಗಂಟಲಿನಲ್ಲಿಯೇ ಹರಿದುಹೋಗುವದು. ಇವನದು ಹೊಟ್ಟೆಯ ಮೇಲಿಂದ ಎದ್ದುಬರುವದು. ಮಾತುಗಳು ಸ್ಪಷ್ಟವಾಗಿವೆ. ಏಳು ನಿಮಿಷದ ಹಾಡನ್ನು ಸಭೆಯಲ್ಲಿ ಇಮ್ಮಡಿಯಷ್ಟು ಬೆಳೆಸಿದರೂ, ಕೊನೆಯ ಸಾಲಿನ ಹೊತ್ತಿಗೆ ಉಸಿರು ಬತ್ತಿಲ್ಲ. ಈತನು ಎಳೆಯ ವಯಸ್ಸಿನಲ್ಲಿ ತುತ್ತೂರಿಯನ್ನು ಊದಲು ಕಲಿತಿದ್ದನಂತೆ. ಉಸಿರನ್ನು ಹಿಡಿದು ಅಳತೆಯಿಂದ ಬಿಡುವ ವಿದ್ಯೆ ತನಗೆ ಅಲ್ಲಿಂದ ಬಂದಿತೆಂದು ಹೇಳಿಕೊಳ್ಳುತ್ತಿದ್ದನು. ಅಕ್ಕನವರ ಪ್ರಶ್ನೆಗೆ ಇದೇ ಉತ್ತರ.

ಇನ್ನೊಂದು ವಿನೋದದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ತೋರುಬೆರಳು ಕಿರುಬೆರಳುಗಳನ್ನು ಕೋಡಿನಂತೆ ಎತ್ತಿ ತೋರಿಸುವ ಸನ್ನೆಯನ್ನು ಈ ಸಂಗೀತದ ಅಭಿಮಾನಿಗಳಲ್ಲಿ ರೂಢಿಗೆ ತಂದವನು ಈ ಡಿಯೋ. ಅದನ್ನು ಅವನು ಕಲಿತದ್ದು ಇಟಲಿಯ ಮೂಲದ ತನ್ನ ಅಜ್ಜಿಯಿಂದ. ಆ ಮುದುಕಿ ಕೆಟ್ಟ ದೃಷ್ಟಿ ತಾಗದಿರಲೆಂದು ಹಾಗೆ ಮಾಡುತ್ತಿದ್ದಳಂತೆ! ಇದನ್ನು ಕೇಳಿದ ಮೇಲೆ ಅಕ್ಕನವರಿಗೆ ಆ ಹಾಡುಗಾರನ ಮೇಲಿದ್ದ ಸಿಟ್ಟು ಅರ್ಧಕ್ಕರ್ಧ ಇಳಿಯಿತು. ಉಪ್ಪು ಮೆಣಸಿನಕಾಯಿ ನಿವಾಳಿಸುವ ಅಜ್ಜಿಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂದಾಯಿತು.

ಹುಡುಗನ ಸರದಿ ಮುಗಿದ ಮೇಲೆ ನಮ್ಮ ಸರದಿ ಬಂದಿತು. ನಾವು ಗಂಗೂಬಾಯಿ ಹಾನಗಲ್ಲ ಅವರ ಒಂದು ಬೈಠಕ್ಕಿನ ಧ್ವನಿಮುದ್ರಣವನ್ನು ಹಚ್ಚಲು ಹೇಳಿದೆವು. ಮೊದಲ ಷಡ್ಜವು ನಿಂತ ಕೂಡಲೆ ಹುಡುಗನು ತಲೆಯೆತ್ತಿ, “ಇವರು ಯಾರು ಪಂಡಿತರು, ಮಾಮಾ?” ಎಂದು ಕೇಳಿದನು. ಹಾಗೆ ಕೇಳಿದವರಲ್ಲಿ ಅವನು ಮೊದಲನೆಯವನಲ್ಲ, ಕೊನೆಯವನೂ ಅಲ್ಲ.

ಗಂಗೂಬಾಯಿಯವರು ಹುಟ್ಟಿದ್ದು ೧೯೧೩ನೆಯ ಮಾರ್ಚ್ ೫ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳು ಹಿಂದುಸ್ತಾನಿಯನ್ನು ಕಲಿಯತೊಡಗಿದಾಗ, ತಮ್ಮ ಹಾಡು ಅವಳ ಕಿವಿಗೆ ಬಿದ್ದು ತೊಡಕಾಗಬಾರದೆಂದು ತಾವು ಹಾಡುವದನ್ನೇ ನಿಲ್ಲಿಸಿದರು. ಮಕ್ಕಳ ಸಲುವಾಗಿ ತಾಯಂದಿರು ಏನೇನನ್ನೋ ಬಿಡುವರು; ಆದರೆ ಇದ್ದ ಕಂಠವನ್ನೇ ಕಟ್ಟಿಹಾಕಿಕೊಳ್ಳುವದು ಸಾಮಾನ್ಯದ ತ್ಯಾಗವಲ್ಲ. ಮನೆತನವು ೧೯೨೮ರಲ್ಲಿ ಹುಬ್ಬಳ್ಳಿಗೆ ಬಂದಿತು. ಮೂವತ್ತರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಇವರ ತಟ್ಟೆಗಳು ಹೊರಬಿದ್ದವು. ಆ ತಟ್ಟೆಗಳನ್ನು ಈಗ ಕೇಳಿದರೆ ಆಶ್ಚರ್ಯವಾಗುವದು. ಕಂಠವು ತೆಳುವಾಗಿದೆ, ಎತ್ತರವಾಗಿದೆ, ಚುರುಕಾಗಿದೆ. ಮುಂದೆ ಗಂಟಲಿನ ಬೇನೆಯಾಗಿ ಚಿಕಿತ್ಸೆ ಮಾಡಿಸಿಕೊಂಡ ತರುವಾಯ ಆ ಕಂಠವು ಮರಳಿ ಬರಲಿಲ್ಲ. ಅದರ ಬದಲು ಬಂದದ್ದು ಬೇರೆಯೇ ಒಂದು ಕಂಠ: ದಪ್ಪ, ತಗ್ಗು, ಗಂಡಸರದೆಂದು ತೋರುವಂಥದು.

ನಮ್ಮ ಗಂಟಲಿನೊಳಗಿನ ಧ್ವನಿತಂತುಗಳು ದಪ್ಪಗಾದಷ್ಟೂ ಅವುಗಳ ಕಂಪನವು ನಿಧಾನವಾಗಿ ಧ್ವನಿಯು ತಗ್ಗುವದು. ಸಾಮಾನ್ಯವಾಗಿ ಮಾತನಾಡುವಾಗ ಹೆಂಗಸರ ತಂತುಗಳು ಸೆಕೆಂಡಿಗೆ ಸುಮಾರು ೨೦೦ ಸಲ ಮಿಡಿದರೆ ಗಂಡಸರವು ಸುಮಾರು ೧೨೦ ಸಲ ಮಿಡಿಯುವವು. ಒಬ್ಬ ಹಾಡುಗಾರ್ತಿಗೆ ಈ ಅಂತರವು ಅಂಕಿಗಳ ಮಾತಲ್ಲ. ಕಲಿತ ತಾನಗಳು, ಪಳಗಿದ ಏರಿಳಿತಗಳು, ತಂಬೂರಿಯ ಶ್ರುತಿ, ಎಲ್ಲವನ್ನೂ ಮತ್ತೊಮ್ಮೆ ಹೊಂದಿಸಿಕೊಳ್ಳಬೇಕು. ಮನೆಯ ಸಾಮಾನುಗಳನ್ನೆಲ್ಲ ಹೊರಗೆ ಹಾಕಿ ಹೊಸ ಮನೆಯಲ್ಲಿ ಕತ್ತಲೆಯಲ್ಲಿ ಜೋಡಿಸಿದಂತೆ.

ಅದನ್ನು ಜೋಡಿಸಲಿಕ್ಕೆ ಬೇಕಾದ ಬುನಾದಿಯು ಕುಂದಗೋಳದಲ್ಲಿ ಹಾಕಲ್ಪಟ್ಟಿತ್ತು. ನಾಟಕ ಮಂಡಳಿಗಳ ತಿರುಗಾಟವನ್ನು ಬಿಟ್ಟು ಅಲ್ಲಿ ನೆಲೆಸಿದ್ದ ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಭಾವು ಕುಂದಗೋಳಕರರಲ್ಲಿ ಕಲಿಯಲು ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ನಮ್ಮ ಅಳ್ನಾವರದ ಮೇಲಿನ ಹಳಿಯೇ ಧಾರವಾಡ ಹುಬ್ಬಳ್ಳಿಗಳನ್ನು ದಾಟಿ ಆ ಕುಂದಗೋಳಕ್ಕೆ ಮುಟ್ಟುವದು. ಹುಬ್ಬಳ್ಳಿಯಿಂದ ಹಾದಿ ಇಪ್ಪತ್ತು ಕಿಲೋಮೀಟರಿನಷ್ಟೇ. ಆದರೆ ಮನೆ ಮಕ್ಕಳ ಪಾಡನ್ನು ನೋಡಿಕೊಂಡು ಹೋಗಿ, ರಾತ್ರಿಯ ಗಾಡಿಗೆ ಹಿಂದಿರುಗುವ ಹೆಂಗಸಿಗೆ ಅದೇ ದೂರ. ಆಗ ಗುರುಗಳ ಮನೆಯಲ್ಲಿದ್ದು ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿಯವರು ಇವರನ್ನು ಸ್ಟೇಶನ್ನಿನವರೆಗೆ ಕಳುಹಿಸಲು ಬರುತ್ತಿದ್ದರೆಂದು ಹೇಳುವರು. ಗುರುಗಳು ನಾಲ್ಕೇ ನಾಲ್ಕು ಸ್ವರಗಳನ್ನು ಕೊಟ್ಟು ದಿನಗಟ್ಟಲೆ ತಿದ್ದುವವರು. ಕಿರಾಣಾ ಘರಾಣೆಯ ಪದ್ಧತಿಯೇ ಅದು. ಮೊದಲು ಸ್ವರವು ನಿಲ್ಲಬೇಕು, ಓಡುವದು ಆಮೇಲೆ. ಕಂಠವು ಬದಲಾದಾಗ ಚುರುಕು ಹೋದರೂ ನಿಲುಗಡೆ ಹೋಗದೆ ಉಳಿದದ್ದು ಇದರಿಂದಲೇ ಎಂದು ನಮ್ಮ ಅಭಿಪ್ರಾಯ.

ಈ ನಿಲುಗಡೆಯು ಹಳೆಯ ತಟ್ಟೆಯಲ್ಲಿ ಕೇಳಿಸಲಾರದು. ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ಆಲಾಪ, ಚೀಜು, ತಾನ ಎಲ್ಲವನ್ನೂ ಮುಗಿಸಿ ಗಾಡಿ ಹಿಡಿಯುವವರಂತೆ ಓಡಬೇಕು. ಬೈಠಕ್ಕಿನ ಮುದ್ರಣವೆಂದರೆ ಹಾಗಲ್ಲ. ತಬಲಜಿಯು ಸುತ್ತಿಗೆಯಿಂದ ಶ್ರುತಿಗೂಡಿಸುವದು ಅದರಲ್ಲಿದೆ, ಕೆಮ್ಮು ಇದೆ, ಮುಂದಿನ ಸಾಲಿನವರ ‘ವಾಹವಾ’ ಇದೆ. ಕೆಲವೊಮ್ಮೆ ಮುದುಕರ ಸ್ವರವು ಅರೆಕ್ಷಣ ತಡವರಿಸಿ ಮತ್ತೆ ತನ್ನ ಜಾಗಕ್ಕೆ ಬಂದು ಕೂಡ್ರುವದೂ ಇದೆ. ಸ್ಟುಡಿಯೋದಲ್ಲಿ ತಪ್ಪಿದ್ದನ್ನು ಅಳಿಸಿ ಮತ್ತೆ ಹಾಡಬಹುದು. ಇಲ್ಲಿ ಅಳಿಸುವ ಮಾತಿಲ್ಲ. ಆ ನ್ಯೂಯಾರ್ಕಿನ ಮುದ್ರಣವನ್ನು ನಾವು ಕೊನೆಯವರೆಗೆ ಕೇಳಿದ್ದು ಇದೇ ಕಾರಣದಿಂದ.

ಗಂಗೂಬಾಯಿಯವರು ಇಂಥ ಬೈಠಕ್ಕುಗಳಲ್ಲಿ ಹಗುರಾದ ಹಾಡುಗಳನ್ನು ಹಾಡುವದನ್ನು ಬಿಟ್ಟೇಬಿಟ್ಟಿದ್ದರು. ರಾಗವೊಂದನ್ನೇ ಹಾಡುವರು. ಮಾರವಾ, ಶುದ್ಧ ಕಲ್ಯಾಣ, ಚಂದ್ರಕೌಂಸ. ಮಂದ್ರದಲ್ಲಿ ಒಂದೊಂದೇ ಸ್ವರವನ್ನು ಇಟ್ಟು, ಅದು ಭಾರ ಹೊರುವದೋ ಇಲ್ಲವೋ ನೋಡಿ, ಮುಂದಿನದನ್ನು ಇಡುವರು. ಹೊಳೆಯಲ್ಲಿ ಕಲ್ಲು ಹಾಕುತ್ತ ದಾಟುವವರ ಹಾಗೆ. ಅವರ ಹಿಂದೆ ಮಗಳು ಕೃಷ್ಣಾ ಅವರ ಕಂಠ ಬರುವದು, ತೆಳುವು, ಎತ್ತರ. ತಾಯಿ ತಗ್ಗಿನಲ್ಲಿ ಬಿಟ್ಟದ್ದನ್ನು ಮಗಳು ಮೇಲೆ ಎತ್ತಿಕೊಳ್ಳುವಳು. ತಾರಷಡ್ಜಕ್ಕೆ ತಾಯಿಯೇ ಹೋದಾಗ ಮಾತ್ರ ಸಭೆಯೆಲ್ಲ ತೆಪ್ಪಗಾಗುವದು. ದಪ್ಪ ಕಂಠವು ಎತ್ತರಕ್ಕೆ ಏರುವದೆಂದರೆ ತುಂಬಿದ ಚಕ್ಕಡಿ ಘಟ್ಟ ಹತ್ತಿದಂತೆ. ಹತ್ತಿ ಮುಟ್ಟಿದ ಮೇಲೆ ಅದರ ಗಾಂಭೀರ್ಯಕ್ಕೆ ಹಗುರಾದ ಕಂಠವು ಸಮವಾಗಲಾರದು.

ಇನ್ನು ನಮ್ಮ ಮನೆಯ ಮಾತು. ಅಕ್ಕನವರು ಹರೆಯದಿಂದಲೂ ಊರ ಭಜನೆಯಲ್ಲಿ ಮುಂದೆ ಕೂತು ಹಾಡಿದವರು. ಕೆಲವು ವರ್ಷಗಳ ಕೆಳಗೆ ಅವರಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಕಂಠ ಒಡೆಯಿತು. ಗೌರಿಯ ಹುಣ್ಣಿಮೆಯ ಆರತಿಗೆ ಅವರು ಬಾಯಿ ತೆರೆದಾಗ ಚಿಕ್ಕ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳಂತೆ. ಅಂದಿನಿಂದ ಅವರು ಭಜನೆಗೆ ಹೋದರೂ ಬಾಗಿಲ ಬಳಿ ಕೂತು ತಾಳ ಹಾಕುವರು, ಹಾಡುತ್ತಿರಲಿಲ್ಲ. ಮನೆಯಲ್ಲಿ ಗಿಂಡಿ ತಂಬಿಗೆ ತಿಕ್ಕುವಾಗ ಕೂಡ ಗುನುಗುತ್ತಿರಲಿಲ್ಲ. ನಾವು ಯಾರೂ ಕೇಳಲಿಲ್ಲ. ಇಂಥದನ್ನು ಕೇಳುವ ರೂಢಿ ಮನೆಗಳಲ್ಲಿ ಇರುವದಿಲ್ಲ.

ಆ ಮಳೆಯ ದಿನ ಅವರು ಬಾಗಿಲ ಚೌಕಟ್ಟಿಗೆ ಒರಗಿ ಗಂಗೂಬಾಯಿಯವರ ಮಾರವಾ ಪೂರ್ತಿ ಕೇಳಿದರು. ಒಲೆಯ ಮೇಲಿನ ಹಾಲು ಉಕ್ಕಿತು. “ಇವರಿಗೂ ಗಂಟಲಾ ಕೊಯ್ದಿದ್ರೇನು?” ಎಂದು ಮಾತ್ರ ಕೇಳಿದರು. ನಮಗೆ ತಿಳಿದಷ್ಟನ್ನು ಹೇಳಿದೆವು. “ಆಮ್ಯಾಲೂ ಹಾಡಿದ್ರು?” “ಆಮ್ಯಾಲೇ ಹಾಡಿದ್ರು ಅಕ್ಕಾ, ಐವತ್ತು ವರ್ಷದ ಮ್ಯಾಲೆ” ಎಂದೆವು. ಅವರು ಏನೂ ಅನ್ನದೆ ಒಳಗೆ ಹೋಗಿ ಒಲೆಯನ್ನು ಒರಸಿದರು.

ಮುಂದೆ ಎರಡು ವಾರಗಳ ತರುವಾಯ ಸೋಮವಾರದ ಭಜನೆಯಲ್ಲಿ ಪೆಟ್ಟಿಗೆ ಬಾರಿಸುವವರಿಗೆ ಅಕ್ಕನವರು, “ತಮ್ಮಾ, ಕಾಳೀ ಐದು ನನಗ ಆಗೂದಿಲ್ಲ. ಪಾಂಢರಿ ಒಂದಕ್ಕ ಇಳಸು” ಎಂದರೆಂದು ಸುದ್ದಿ ಬಂದಿತು. ಉಳಿದ ಹೆಂಗಸರಿಗೆ ಆ ಪಟ್ಟಿಯು ಬಹಳ ತಗ್ಗಾಗಿ ತೊಂದರೆಯಾಯಿತಂತೆ. ಕೆಲವರು ಮುಖ ಸಿಂಡರಿಸಿದರಂತೆ. ಈಗ ಒಂದು ಪದವನ್ನು ಅವರ ಪಟ್ಟಿಯಲ್ಲಿಯೂ ಮಿಕ್ಕವನ್ನು ಮೊದಲಿನ ಪಟ್ಟಿಯಲ್ಲಿಯೂ ಹಾಡುವದೆಂದು ಒಪ್ಪಂದವಾಗಿದೆ. ಪೆಟ್ಟಿಗೆಯವರಿಗೆ ಮಾತ್ರ ಕೆಲಸ ಹೆಚ್ಚಿತು.

ಮುಪ್ಪಿನಲ್ಲಿ ಬಲವು ಕುಗ್ಗುವದಿಲ್ಲವೆಂದು ನಾವು ಹೇಳುವದಿಲ್ಲ. ಪುಪ್ಪುಸಗಳ ಹಿಗ್ಗು ಕಡಿಮೆಯಾಗುವದು, ತಂತುಗಳು ಸೊರಗುವವು. ಧಾರವಾಡದ ಮಗ್ಗುಲಿನ ಮನಸೂರಿನವರಾದ ಮಲ್ಲಿಕಾರ್ಜುನ ಮನಸೂರರು (೧೯೧೦–೧೯೯೨) ಕೊನೆಯ ವರ್ಷಗಳಲ್ಲಿ ಹಾಡಿದ್ದನ್ನು ಕೇಳಿದವರಿಗೆ ಇದು ಗೊತ್ತು. ಉಸಿರು ಚಿಕ್ಕದಾಗಿತ್ತು, ಆದರೆ ಆ ಚಿಕ್ಕ ಉಸಿರಿನಲ್ಲಿಯೇ ಜೈಪುರ ಘರಾಣೆಯ ಆ ವಕ್ರವಾದ ತಾನಗಳನ್ನು ಹೇಗೆ ಮಡಚಿ ಇಡುತ್ತಿದ್ದರೆಂಬುದು ಕೇಳಿದವರಿಗೇ ಗೊತ್ತು.

ಗಂಗೂಬಾಯಿಯವರಿಗೆ ೨೦೦೨ರಲ್ಲಿ ಪದ್ಮವಿಭೂಷಣ ಬಂದಿತು. ಮರುವರ್ಷ ಎಲುಬಿನ ಮಜ್ಜೆಯ ಕ್ಯಾನ್ಸರ್ ಬಂದು, ಅದನ್ನು ಗೆದ್ದರು. ೨೦೦೪ರಲ್ಲಿ ಕೃಷ್ಣಾ ಅವರು ತೀರಿಕೊಂಡರು. ೨೦೦೬ನೆಯ ಮಾರ್ಚಿನಲ್ಲಿ, ಹಾಡಲು ತೊಡಗಿ ೭೫ ವರ್ಷಗಳು ತುಂಬಿದವೆಂದು, ತಮ್ಮ ೯೩ನೆಯ ವಯಸ್ಸಿನಲ್ಲಿ ಗಂಗೂಬಾಯಿಯವರು ಕೊನೆಯ ಕಚೇರಿಯನ್ನು ಮಾಡಿದರು. ಹಿಂದೆ ಕೂತು ತಾರಸ್ಥಾಯಿಯನ್ನು ಎತ್ತಿಕೊಳ್ಳುತ್ತಿದ್ದ ಮಗಳು ಅಂದು ಇರಲಿಲ್ಲ.