ನಿನ್ನ ಹೆಸರು ಬರೆದುಕೊಳ್ಳುವ ಕಡೆ ಸೇರು

ಡೊಂಬಿವಲಿ ಪೂರ್ವ
ಏಪ್ರಿಲ್ 2026

ಪ್ರೀತಿಯ ಪುಟ್ಟಾ,

ಮೊನ್ನೆ ನೀನು ಫೋನಿನಲ್ಲಿ ಹೇಳಿದ್ದನ್ನೇ ಯೋಚಿಸುತ್ತಿದ್ದೇನೆ. ಹತ್ತನೆಯ ಪರೀಕ್ಷೆ ಮುಗಿಯಿತು, ರಿಸಲ್ಟ್ ಬರುವವರೆಗೆ ಸುಮ್ಮನೆ ಕೂತಿರಲು ಮನಸ್ಸಿಲ್ಲ, ಏನಾದರೂ ದುಡಿಯಬೇಕು ಎಂದೆ. ಕೇಳಿ ನನಗೆ ಸಂತೋಷವೇ ಆಯಿತು. ಆಮೇಲೆ ದನಿ ತಗ್ಗಿಸಿ ಹೇಳಿದ ಮಾತಿಗೆ ಮಾತ್ರ ರಾತ್ರಿ ನಿದ್ದೆ ಹತ್ತಲಿಲ್ಲ. ಗೆಳೆಯನ ಅಣ್ಣನ ಐಡಿಯಲ್ಲಿ ಡೆಲಿವರಿ ಕೆಲಸ, ಅವನದೇ ಸ್ಕೂಟರ್, ನೆರುಳ್‌ನಿಂದ ಸೀವುಡ್ಸ್ ಕಡೆಗೆಲ್ಲ ಸಂಜೆ ಆರರಿಂದ ಹನ್ನೊಂದರವರೆಗೆ. ಬಂದ ದುಡ್ಡಿನಲ್ಲಿ ಅರ್ಧ ಅವನಿಗೆ, ಅರ್ಧ ನಿನಗೆ. ಅಪ್ಪನಿಗೆ ಹೇಳಬೇಡಿ ಅಜ್ಜಿ ಎಂದೆ. ಇಂಥದ್ದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಲು ನನಗೆ ಬರುವುದಿಲ್ಲ. ನಿನಗೆ ಕನ್ನಡ ಓದಲು ಅಜ್ಜ ಕಲಿಸಿದ್ದಾನಲ್ಲ, ನಿಧಾನವಾಗಿ ಓದು.

ಹನ್ನೊಂದನೆಯ ಕ್ಲಾಸಿನ ಫೀಸಿಗೆ ಅಪ್ಪನ ಮುಂದೆ ಕೈಯೊಡ್ಡಬಾರದು ಎಂದು ನೀನು ಹೊರಟಿದ್ದೀ ಎನ್ನುವುದು ನೀನು ಹೇಳದಿದ್ದರೂ ನನಗೆ ತಿಳಿಯಿತು. ಅವನ ಕಂಪೆನಿಯ ಗಲಾಟೆ ನನ್ನ ಕಿವಿಗೂ ಬಿದ್ದಿದೆ. ಹದಿನೈದಕ್ಕೆ ಮನೆಯ ಭಾರ ನಿನ್ನ ಕಣ್ಣಿಗೆ ಬಿತ್ತು ಎಂಬುದನ್ನು ನಾನು ಸಣ್ಣದು ಎನ್ನುವುದಿಲ್ಲ. ಆದರೆ ಬೇರೆಯವರ ಹೆಸರಿನಲ್ಲಿ ದುಡಿಯುವುದು ಏನು ಎಂಬುದು ನಮ್ಮ ಮನೆಗೆ ಗೊತ್ತು. ನಿನ್ನ ಅಜ್ಜ, ಅಂದರೆ ನನ್ನ ಅಣ್ಣ, ನಿನಗೆ ಹೇಳದೆ ಹೋದ ಕೆಲವು ಸಂಗತಿಗಳನ್ನು ಈಗ ನಾನು ಹೇಳಬೇಕು.

ಮೊದಲು ನನ್ನದು. ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ಮನೆಮನೆಯಲ್ಲೂ ಬೀಡಿ ಕಟ್ಟುತ್ತಿದ್ದರು. ರಾತ್ರಿ ಎಲೆ ನೆನೆ ಹಾಕಿ, ಬೆಳಿಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ತುದಿ ಮಡಚಿ ನೂಲು ಸುತ್ತುವುದು. ನನಗೆ ಹನ್ನೊಂದಾಗುವಾಗಲೇ ಅಮ್ಮನ ತಡ್ಪೆಯ, ಅಂದರೆ ಮೊರದ, ಪಕ್ಕ ನನ್ನದೊಂದು ಸಣ್ಣ ತಡ್ಪೆ ಬಂತು. ಶಾಲೆಗೆ ಹೋಗುವ ಮುಂಚೆ ಒಂದಷ್ಟು, ಬಂದ ಮೇಲೆ ಚಿಮಣಿ ದೀಪದಲ್ಲಿ ಒಂದಷ್ಟು. ಬೀಡಿ ಬ್ರಾಂಚಿಗೆ ಹೊತ್ತುಕೊಂಡು ಹೋಗುತ್ತಿದ್ದವಳೂ ನಾನೇ. ಅಲ್ಲಿ ಚೆಕ್ ಮಾಡುವವರು ಸರಿಯಿಲ್ಲದ್ದನ್ನು ಬದಿಗೆ ಎಸೆದು, ಉಳಿದದ್ದನ್ನು ಪಾಸ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆ ಪುಸ್ತಕದ ಮೇಲೆ ಇದ್ದದ್ದು ಅಮ್ಮನ ಹೆಸರು. ನನ್ನ ಬೆರಳಿನಿಂದ ಎಷ್ಟು ಸಾವಿರ ಬೀಡಿ ಹೋಯಿತೆಂದು ಜಗತ್ತಿನ ಯಾವ ಪುಸ್ತಕದಲ್ಲೂ ಇಲ್ಲ.

ಅಮ್ಮನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆ ದುಡ್ಡಿನಿಂದ ನಾವು ಉಂಡೆವು. ಕಾನೂನಿಗೂ ನಾವು ಕಾಣಿಸುತ್ತಿರಲಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಬೀಡಿಯ ಕೆಲಸದ ಜಾಗಕ್ಕೆ ಸೇರಿಸಬಾರದು ಎಂದಿತು. ಆದರೆ ಮನೆಯ ಜಗಲಿಯಲ್ಲಿ ತಾಯಿಯ ಪಕ್ಕ ಕೂತು ಕಟ್ಟುವವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯ ಪಟ್ಟಿಯಲ್ಲಿ ಬೀಡಿ ಕಟ್ಟುವುದು ಇತ್ತು, ಮನೆಯವರೊಂದಿಗೆ ಮಾಡಿದರೆ ಅಡ್ಡಿಯಿಲ್ಲ ಎಂಬ ಕಿಂಡಿಯೂ ಇತ್ತು. ಅದೇ ವರ್ಷ, ಮದುವೆಯಾಗಿ ಡೊಂಬಿವಲಿಗೆ ಬಂದಿದ್ದ ನನಗೆ ಇಲ್ಲಿಯ ಒಂದು ಬಾಲವಾಡಿಯಲ್ಲಿ ಕೆಲಸ ಸಿಕ್ಕಿತು. ತಿಂಗಳ ಕೊನೆಗೆ ರಿಜಿಸ್ಟರ್ ಮುಂದಿಟ್ಟು ಸಹಿ ಮಾಡಿ ಎಂದರು. ನನ್ನ ಹೆಸರಿನ ಎದುರು ನನ್ನ ಸಂಬಳ ಬರೆದಿದ್ದರು. ಹದಿಮೂರು ವರ್ಷದ ದುಡಿಮೆಯ ನಂತರ ಅದನ್ನು ನೋಡಿದ ನನಗೆ ಕಣ್ಣು ತುಂಬಿ, ಸಹಿ ಮಾಡಲು ಹೊತ್ತಾಯಿತು.

ನಿನ್ನ ಅಜ್ಜನದು ಇದಕ್ಕಿಂತ ಕಷ್ಟದ ಕತೆ. ಅಣ್ಣ ಮುಂಬಯಿಗೆ ಬಂದದ್ದು 1972ರಲ್ಲಿ, ಹದಿಮೂರಕ್ಕೆ. ಆಗ ಕೊಂಕಣ ರೈಲು ಎಲ್ಲಿಯದು, ಅದು ಪೂರ್ತಿ ಶುರುವಾದದ್ದೇ 1998ರಲ್ಲಿ. ಊರಿನವರೊಬ್ಬರ ಜೊತೆ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದ. ಠಾಣೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸುತ್ತಿದ್ದರು, ರಾತ್ರಿ ಮೇಜು ಒರೆಸಿದ ಮೇಲೆ ಅದೇ ಮೇಜಿನ ಮೇಲೆ ನಿದ್ದೆ. ಊಟ ಅಲ್ಲೇ, ಸಂಬಳ ಮಾಲೀಕರ ಹತ್ತಿರವೇ ಜಮೆ. ವರ್ಷಕ್ಕೊಮ್ಮೆ ಊರಿಗೆ ಬರುವಾಗ ಅವರು ಲೆಕ್ಕ ಮಾಡಿ ಕೊಟ್ಟಷ್ಟು. ಯಾರಾದರೂ ಕೇಳಿದರೆ ಹದಿನೆಂಟು ಎಂದು ಹೇಳಬೇಕೆಂದು ಮೊದಲ ದಿನವೇ ಕಲಿಸಿದ್ದರಂತೆ. ಇನ್‌ಸ್ಪೆಕ್ಟರ್ ಬಂದರೆ ಹುಡುಗರೆಲ್ಲ ಹಿಂದಿನ ಬಾಗಿಲಿನಿಂದ ಹೊರಗೆ.

ಅಜ್ಜನ ಎಡಗೈಯಲ್ಲಿ ಮೊಣಕೈವರೆಗೂ ಇದ್ದ ಕಲೆ ನಿನಗೆ ನೆನಪಿರಬೇಕು. ಎಣ್ಣೆ ಹಾರಿದ್ದು ಎಂದು ನಿನಗೆ ಹೇಳಿದ್ದ. ಚಹಾದ ಬಾಯ್ಲರಿನ ಬಿಸಿನೀರು ಅದು, ಅವನಿಗಾಗ ಹದಿನಾಲ್ಕು. ಆಸ್ಪತ್ರೆಯಲ್ಲಿ ಕೇಳಿದಾಗ, ನಾನು ಮಾಲೀಕರ ನೆಂಟ, ರಜೆಗೆ ಬಂದವನು ಎಂದು ಹೇಳಬೇಕಾಯಿತು. ಹಾಗೆಯೇ ಬರೆದುಕೊಂಡರು. ಕೆಲಸದವನೆಂದು ಎಲ್ಲೂ ಇಲ್ಲದ ಮೇಲೆ ಪರಿಹಾರ ಕೇಳುವುದಾದರೂ ಯಾರನ್ನು? ಕೈ ಮೇಲೆತ್ತಲು ಆಗದ ದಿನಗಳಿಗೆ ಸಂಬಳವೂ ಇರಲಿಲ್ಲ. ಊರಿಗೆ ಬರೆದ ಕಾಗದದಲ್ಲಿ ಅವನು ಇದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ತಂಗಿಯಾದ ನನಗೂ ತಿಳಿದದ್ದು ನಾನು ಇಲ್ಲಿಗೆ ಬಂದ ಮೇಲೆ.

ನಮ್ಮವರ ಸಭೆಗಳಲ್ಲಿ ಲೋಟ ತೊಳೆದು ದೊಡ್ಡವರಾದವರ ಮಾತು ಬರುತ್ತಲೇ ಇರುತ್ತದೆ. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಹುಡುಗನಾಗಿ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಅಂಥವರ ಮೇಲೆ ನನಗೆ ಬಹಳ ಗೌರವ. ಆದರೆ ಮಗಾ, ಅಣ್ಣನ ಹಾಗೆಯೇ ಬಸ್ಸಿನಲ್ಲಿ ಬಂದು ಎಲ್ಲಿಯೂ ಮುಟ್ಟದೆ ಹೋದ ಹುಡುಗರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ. ಅಣ್ಣನ ಜೊತೆ ಮೇಜಿನ ಮೇಲೆ ಮಲಗುತ್ತಿದ್ದವರಲ್ಲಿ ಇಬ್ಬರು ಏನಾದರೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಣ್ಣನನ್ನು ಉಳಿಸಿದ್ದು ರಾತ್ರಿ ಶಾಲೆ. ಯಾರೋ ಪುಣ್ಯಾತ್ಮರು ಅವನನ್ನು ಫೋರ್ಟಿನ ಒಂದು ಆಫೀಸು ಕ್ಯಾಂಟೀನಿಗೆ ಸೇರಿಸಿದರು. ಕ್ಯಾಂಟೀನ್ ಕೆಲಸಕ್ಕೆ ಹುಡುಗರು ಯಾಕೆ ಹಾತೊರೆಯುತ್ತಿದ್ದರು ಗೊತ್ತೇ? ಆಫೀಸು ಮುಚ್ಚಿದರೆ ಕ್ಯಾಂಟೀನೂ ಮುಚ್ಚುತ್ತದೆ, ಸಂಜೆ ಕೈಗೆ ಸಿಗುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿಯ ಉಚಿತ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆ, ಇಂಥವೆಲ್ಲ ಹುಟ್ಟಿದ್ದೇ ಈ ಹುಡುಗರಿಗಾಗಿ. ಹಗಲಿಡೀ ನಿಂತು ಕೆಲಸ ಮಾಡಿದವರು ಸಂಜೆ ಮುಖ ತೊಳೆದು, ಇಸ್ತ್ರಿಯ ಅಂಗಿ ಹಾಕಿಕೊಂಡು ಕನ್ನಡದಲ್ಲಿ ಪಾಠ ಕೇಳುತ್ತಿದ್ದರು. ಶಾಲೆಯಲ್ಲಿ ಹಾಜರಿ ಕರೆಯುವಾಗ ಅಪ್ಪನ ಹೆಸರೂ ಸೇರಿಸಿ ಪೂರ್ತಿ ಕರೆಯುತ್ತಿದ್ದರು, ಆ ಒಂದು ಕ್ಷಣಕ್ಕಾಗಿಯೇ ಓಡಿಹೋಗುತ್ತಿದ್ದೆ ಎಂದು ಅಣ್ಣ ಹೇಳುತ್ತಿದ್ದ. ಅಲ್ಲಿ ಎಸ್ಸೆಸ್ಸಿ ಪಾಸಾದ. ಮುಂದೆ ಕಲ್ಯಾಣದಲ್ಲಿ ಆರು ಮೇಜಿನ ಹೋಟೆಲು ಇಟ್ಟಾಗ, ಹದಿನೆಂಟು ತುಂಬದವನನ್ನು ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಆಗ ಹಾಗೆ ಮಾಡುವವರು ಕಡಿಮೆ.

ಈಗ ನಿನ್ನ ವಿಷಯ. ಅಂದು ಅಣ್ಣನಿಗಿಲ್ಲದ ರಕ್ಷಣೆ ನಿನಗಿದೆ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಮನೆಗೆಲಸಗಳಿಗೆ ಹದಿನಾಲ್ಕರೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. 2016ರ ತಿದ್ದುಪಡಿ ಅದನ್ನು ಹೆಚ್ಚುಕಡಿಮೆ ಎಲ್ಲ ಕೆಲಸಗಳಿಗೂ ಚಾಚಿತು. ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯದ ಕೆಲಸ ಬಿಟ್ಟು ಉಳಿದದ್ದಕ್ಕೆ ಅವಕಾಶ ಕೊಟ್ಟಿತು. ಹಾಗಾಗಿ ನೀನು ದುಡಿಯಬಹುದು. ಮೂರು ಗಂಟೆ ಕೆಲಸವಾದರೆ ಒಂದು ಗಂಟೆ ಬಿಡುವು, ಬಿಡುವು ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವಿಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಮತ್ತೊಂದು: ಮಾಲೀಕರು ಒಂದು ರಿಜಿಸ್ಟರ್ ಇಟ್ಟು ಅದರಲ್ಲಿ ನಿನ್ನ ಹೆಸರು, ಹುಟ್ಟಿದ ದಿನಾಂಕ, ಕೆಲಸದ ಹೊತ್ತು, ಬಿಡುವಿನ ಹೊತ್ತು, ಕೆಲಸ ಏನು ಎಂಬುದನ್ನೆಲ್ಲ ಬರೆಯಬೇಕು. ಐವತ್ತು ವರ್ಷದ ಹಿಂದೆ ಠಾಣೆಯ ಆ ಹೋಟೆಲಿನಲ್ಲಿ ಇಂಥ ಒಂದು ಪುಟವಿದ್ದಿದ್ದರೆ!

ಡೆಲಿವರಿಯಲ್ಲಿ ಆ ಪುಟ ಗೆಳೆಯನ ಅಣ್ಣನದು. ಪಾಮ್ ಬೀಚ್ ರೋಡಿನಲ್ಲಿ ರಾತ್ರಿ ಹತ್ತಕ್ಕೆ ನೀನು ಬಿದ್ದರೆ ಕಂಪೆನಿಯ ಲೆಕ್ಕದಲ್ಲಿ ಬಿದ್ದವನು ಅವನು. ವಿಮೆಯಿದ್ದರೆ ಅದೂ ಅವನ ಹೆಸರಿಗೆ. ಆಸ್ಪತ್ರೆಯಲ್ಲಿ ನೀನು ಯಾರೆಂದು ಹೇಳುತ್ತೀ? ನಿನ್ನ ವಯಸ್ಸಿಗೆ ಲೈಸೆನ್ಸೂ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಹದಿನೆಂಟರೊಳಗಿನವನು ತಪ್ಪು ಮಾಡಿ ಸಿಕ್ಕಿಬಿದ್ದರೆ ಪೋಷಕನಿಗೋ ವಾಹನದ ಒಡೆಯನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಫೀಸಿನ ಭಾರ ಇಳಿಸಲು ಹೊರಟು ಅಪ್ಪನನ್ನು ಕೋರ್ಟಿಗೆ ನಿಲ್ಲಿಸಬೇಡ.

ಇಲ್ಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆಯಿಂದ ಬರೀ ಲೇಬಲ್ ಅಂಟಿಸುವ ಕೆಲಸ ಎಂದು ಯಾರಾದರೂ ಕರೆದರೂ ಹೋಗಬೇಡ. 2016ರ ಮೇ 26, 2024ರ ಮೇ 23, ಎರಡು ಸಲವೂ ರಾಸಾಯನಿಕ ಕಾರ್ಖಾನೆ ಸ್ಫೋಟವಾಗಿ ಜನ ಸತ್ತರು. ಎರಡು ಸಲವೂ ನಾನು ಇಲ್ಲೇ ಡೊಂಬಿವಲಿಯಲ್ಲಿದ್ದೆ, ಆ ಸದ್ದು ಇನ್ನೂ ಕಿವಿಯಲ್ಲಿದೆ.

ಬೇಡ ಎಂದಷ್ಟೇ ಹೇಳಿ ಬಿಡಲು ನನಗೆ ಮನಸ್ಸಾಗಲಿಲ್ಲ, ನಿನ್ನೆ ಸ್ಟೇಷನ್ ಕಡೆ ಹೋಗಿದ್ದೆ. ನಮ್ಮ ಪರಿಚಯದವರದು ಒಂದು ಪುಸ್ತಕ, ಸ್ಟೇಷನರಿ ಅಂಗಡಿಯಿದೆ. ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಪಠ್ಯಪುಸ್ತಕದ ಸೆಟ್ ಜೋಡಿಸಬೇಕು, ಬೈಂಡು ಹಾಕಬೇಕು, ಪಟ್ಟಿ ನೋಡಿ ಎಣಿಸಿ ಕೊಡಬೇಕು. ಹತ್ತರಿಂದ ಒಂದು, ಎರಡರಿಂದ ನಾಲ್ಕು. ನಡುವಿನ ಒಂದು ಗಂಟೆ ನಮ್ಮ ಮನೆಗೆ ಊಟಕ್ಕೆ ಬಾ. ರಿಜಿಸ್ಟರಿನಲ್ಲಿ ನಮ್ಮ ಹುಡುಗನ ಹೆಸರು ಬರೆಯುತ್ತೀರಾ ಎಂದು ಕೇಳಿದೆ. ಅವರಿಗೆ ಆಶ್ಚರ್ಯವಾಯಿತು, ಆದರೆ ಬರೆಯುತ್ತೇನೆ ಎಂದರು. ಸಂಬಳ ಡೆಲಿವರಿಯಷ್ಟು ಬರುವುದಿಲ್ಲ, ಅದನ್ನು ನಿನಗೆ ಮೊದಲೇ ಹೇಳಬೇಕು. ಬಂದಷ್ಟು ನಿನ್ನ ಖಾತೆಗೇ ಬರಲಿ. ಹತ್ತು ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆಯಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ.

ನೆರುಳ್‌ನಿಂದ ಠಾಣೆಗೆ ಟ್ರಾನ್ಸ್‌ಹಾರ್ಬರ್ ಹಿಡಿ, ಅಲ್ಲಿ ಕಲ್ಯಾಣದ ಕಡೆಯ ಸ್ಲೋ ಲೋಕಲ್. ಬೆಳಿಗ್ಗೆ ಈ ದಿಕ್ಕಿಗೆ ರಶ್ ಕಡಿಮೆ. ಆದರೂ ಬಾಗಿಲಲ್ಲಿ ನಿಲ್ಲಬೇಡ. ಕಳೆದ ವರ್ಷ ಜೂನ್ 9ರಂದು ಮುಂಬ್ರಾ ಬಳಿ ಗಾಡಿಯಿಂದ ಬಿದ್ದು ಸತ್ತವರೂ ದಿನಾ ಓಡಾಡುವವರೇ.

ಆಧಾರ್ ಕಾರ್ಡು, ಜನನ ಪ್ರಮಾಣಪತ್ರದ ಝೆರಾಕ್ಸ್ ಬೇಕು. ಅಪ್ಪನ ಒಪ್ಪಿಗೆಯ ಚೀಟಿಯೂ ಇರಲಿ, ಅದು ನನ್ನ ಶರತ್ತು. ನೀನು ಹೇಳಿದ್ದನ್ನು ಇಲ್ಲಿಯವರೆಗೆ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ನೀನೇ ಹೇಳು, ಫೀಸಿನ ವಿಷಯವನ್ನೂ ಹೇಳು. ಅವನಿಗೆ ನೋವಾಗಬಹುದು, ತನ್ನ ಅಪ್ಪನ ಕೈಯ ಕಲೆ ಎಲ್ಲಿಂದ ಬಂದದ್ದೆಂದು ಅವನಿಗೂ ಗೊತ್ತಿಲ್ಲ. ಬೇಕೆಂದರೆ ಈ ಕಾಗದವನ್ನೇ ಅವನ ಕೈಗೆ ಕೊಡು.

ಅಂಗಡಿಯವರು ಸೋಮವಾರದವರೆಗೆ ಬೇರೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ. ಭಾನುವಾರ ರಾತ್ರಿಯೊಳಗೆ ಫೋನ್ ಮಾಡು. ನಿನ್ನ ಅಪ್ಪನೇ ಮಾಡಿದರೆ ಇನ್ನೂ ಒಳ್ಳೆಯದು.

ನಿನ್ನ
ಡೊಂಬಿವಲಿ ಅಜ್ಜಿ