ಇನ್ನೊಂದು ಕರಾಟೆ ಕ್ಲಾಸು ಬೇಕಾ?

ಹೋದ ತಿಂಗಳು ಒಂದು ರಾತ್ರಿ ಊಟವಾದ ಮೇಲೆ ನಮ್ಮವರು, "ನೋಡೇ, ಅರಸೀಕೆರೆಯಲ್ಲಿ ಒಂದು ಒಳ್ಳೇ ಹಾಲು ಖಾಲಿ ಇದೆಯಂತೆ" ಎಂದರು. ಹೆಪ್ಪು ಹಾಕಲು ಹಾಲು ಆರಿಸುತ್ತಾ ಕೂತಿದ್ದ ನಾನು, "ಅಲ್ಲಿ ಹಾಲು ಖಾಲಿಯಾದರೆ ನಮಗೇನ್ರೀ?" ಎಂದುಬಿಟ್ಟೆ. ಮಗಳು ಬಿದ್ದು ಬಿದ್ದು ನಕ್ಕಳು. ಇವರು ನಗಲಿಲ್ಲ. ವಿಷಯ ಗಂಭೀರವೇ ಇರಬೇಕು ಎಂದುಕೊಂಡೆ.

ನಮ್ಮದು ತಿಪಟೂರು. ಇವರು ಇಲ್ಲಿ 17 ವರ್ಷದಿಂದ ಕರಾಟೆ ಕ್ಲಾಸು ನಡೆಸುತ್ತಿದ್ದಾರೆ. ಚಿಕ್ಕಂದಿನಲ್ಲಿ ಬ್ರೂಸ್ ಲೀ ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡವರು. ಬ್ರೂಸ್ ಲೀಯದು ಚೀನಾದ ಕುಂಗ್ ಫೂ, ಕರಾಟೆ ಜಪಾನಿನ ಒಕಿನಾವಾ ದ್ವೀಪದ್ದು ಎಂಬುದು ಕಲಿಯಲು ಸೇರಿದ ಮೇಲೇ ಗೊತ್ತಾಯಿತಂತೆ! ಅಷ್ಟರಲ್ಲಿ ಫೀಸು ಕಟ್ಟಿಯಾಗಿತ್ತು.

ಮರುದಿನ ಇವರು ಕಾಗದ ಪೆನ್ನು ಹಿಡಿದು ಲೆಕ್ಕ ಬರೆದರು. 40 ಮಕ್ಕಳು, ತಲೆಗೆ 500 ರೂಪಾಯಿ, ತಿಂಗಳಿಗೆ 20,000. ಬಾಡಿಗೆ 7,000 ಹೋದರೂ ಉಳಿದದ್ದೆಲ್ಲ ಲಾಭ. ಎಷ್ಟು ಚೆಂದದ ಲೆಕ್ಕ! ನಾನೂ ಎಸ್.ಎಸ್.ಎಲ್.ಸಿ. ಓದಿದವಳು, ಅದೂ ಅಲ್ಲದೆ ಕ್ಲಾಸಿನ ರಿಜಿಸ್ಟರ್ ಬರೆಯುವವಳು ನಾನೇ. ನಮ್ಮ ಪುಸ್ತಕದಲ್ಲಿ 62 ಹೆಸರಿವೆ, ಹತ್ತನೇ ತಾರೀಖಿನೊಳಗೆ ಫೀಸು ಕೊಡುವವರು 30 ದಾಟಿದರೆ ಹಬ್ಬ. "ಕೊಬ್ಬರಿ ಮಾರಿದ ಮೇಲೆ ಕೊಡ್ತೀವಿ ಅಕ್ಕ" ಎನ್ನುತ್ತಾರೆ. ಕೊಬ್ಬರಿಗೆ ರೇಟು ಬಿದ್ದರೆ ನಮ್ಮ ಮನೆಯ ಒಗ್ಗರಣೆಗೂ ಎಣ್ಣೆ ಕಮ್ಮಿ! ಪರೀಕ್ಷೆ ಹತ್ತಿರ ಬಂದರೆ ಅರ್ಧ ಮಕ್ಕಳು ಮಾಯ. ಬಿಳಿ ಬೆಲ್ಟಿನಲ್ಲಿ ಸೇರಿದ ಹತ್ತರಲ್ಲಿ ಹಸಿರು ಬೆಲ್ಟಿನವರೆಗೆ ಉಳಿಯುವವರು ಇಬ್ಬರೋ ಮೂವರೋ.

ಖರ್ಚು ಮಾತ್ರ ಮೊದಲೇ ಬಾಯಿ ತೆರೆದು ನಿಂತಿತ್ತು. ಹಾಲಿಗೆ ಅಡ್ವಾನ್ಸು 80,000, ನೆಲಕ್ಕೆ ಮ್ಯಾಟು, ಗೋಡೆಗೆ ಕನ್ನಡಿ, ಬೋರ್ಡು, ಎಲ್ಲ ಸೇರಿ ಒಂದೂವರೆ ಲಕ್ಷ. ಇವರು ಬಾಯಿಬಿಟ್ಟು ಕೇಳಲಿಲ್ಲ, ನನ್ನ ಕೈ ಬಳೆಗಳನ್ನು ನೋಡಿದರು ಅಷ್ಟೆ. ಆ ಬಳೆಗಳು ಒಮ್ಮೆ ಹೋಗಿ ಬಂದವೇ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಕ್ಲಾಸಿಗೆ ಬೀಗ ಬಿತ್ತು, ಬಾಡಿಗೆಗೆ ಬೀಗ ಬೀಳಲಿಲ್ಲ. ಅಡವಿಟ್ಟದ್ದನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು.

ಆದರೆ ನನ್ನ ಹಿಂಜರಿಕೆಗೆ ಬಳೆಯೊಂದೇ ಕಾರಣವಲ್ಲ. ನಮ್ಮ ಕ್ಲಾಸಿನ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಸಂಜೆ ಐದರಿಂದ ಏಳರವರೆಗೆ ಸೊಪ್ಪು ಬಿಡಿಸುತ್ತಲೋ ಅವರೆಕಾಯಿ ಸುಲಿಯುತ್ತಲೋ ಅಲ್ಲಿ ಕೂರುವವಳು ನಾನು. ಒಂದು ಒದೆತ ಬಾರದು ನನಗೆ, ಬೆಲ್ಟ್ ಕಟ್ಟುವುದೊಂದು ಬರುತ್ತದೆ. ನನ್ನ ಚೀಲದಲ್ಲಿ ಸೇಫ್ಟಿ ಪಿನ್ನು, ಒಂದು ಪ್ಯಾಕೆಟ್ ಪ್ಯಾಡು, ಒಂದು ಕಪ್ಪು ಶಾಲು ಸದಾ ಇರುತ್ತವೆ. ಕರಾಟೆ ಬಟ್ಟೆ ಅಪ್ಪಟ ಬಿಳಿ ನೋಡಿ. ಹನ್ನೆರಡು ಹದಿಮೂರರ ಹುಡುಗಿ ಇದ್ದಕ್ಕಿದ್ದಂತೆ ಮುಖ ಸಣ್ಣಗೆ ಮಾಡಿಕೊಂಡು ಗೋಡೆಗೊರಗಿ ನಿಂತರೆ ಇವರಿಗೆ ತಿಳಿಯುವುದಿಲ್ಲ, "ಲೈನಿಗೆ ಬಾ" ಎಂದು ಗದರುತ್ತಾರೆ. ನಾನು ಎದ್ದು ಶಾಲು ಹೊದಿಸಿ ಕರೆದುಕೊಂಡು ಹೋಗುತ್ತೇನೆ. "ಅಕ್ಕ ಇರ್ತಾರೆ" ಎಂಬ ಧೈರ್ಯದ ಮೇಲೆ ತಾಯಂದಿರು ಹೆಣ್ಣುಮಕ್ಕಳನ್ನು ಕಳಿಸುವುದು. ಅರಸೀಕೆರೆಯಲ್ಲಿ ಕೂರುವವರು ಯಾರು? ನಾನು ಅಲ್ಲಿಗೆ ಹೋದರೆ ಇಲ್ಲಿ ಯಾರು?

"ನೋಡೋಕೇನು, ಬಾ" ಎಂದು ಒಂದು ಭಾನುವಾರ ರೈಲು ಹತ್ತಿಸಿದರು. ಹಾಲು ಒಂದು ಅಂಗಡಿಯ ಮೇಲಿನ ಮಹಡಿ. ಹತ್ತುವ ಮೆಟ್ಟಿಲು ಕತ್ತಲು, ಬಲ್ಬಿಲ್ಲ. ಹೆಣ್ಣುಮಕ್ಕಳಿಗೆ ಬಚ್ಚಲು ಎಲ್ಲಿ ಎಂದು ಕೇಳಿದೆ. "ಕರಾಟೆಗೆ ಗಂಡು ಹುಡುಗರು ತಾನೇ ಬರೋದು?" ಎಂದರು ಮಾಲೀಕರು. ಇವರು ನನ್ನ ಮುಖ ನೋಡಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ನಾನು ಗೆದ್ದಂತೆಯೇ. ಆದರೆ ಕೆಳಗೆ ಒಬ್ಬ ತಾಯಿ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಕಾಯುತ್ತಿದ್ದಳು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಕೊಡುತ್ತಾರಲ್ಲ, ಅದಕ್ಕಾಗಿ ಇವರು ಹೋದ ವರ್ಷ ಆ ಊರಿನ ಒಂದು ಶಾಲೆಗೆ ಹೋಗಿ ಬರುತ್ತಿದ್ದರು. ಆ ಮಕ್ಕಳು ಇವರು. ದೊಡ್ಡವಳು ಅಲ್ಲೇ ಬೀದಿ ಬದಿಯಲ್ಲಿ ನಿಂತು ಕತಾ ತೋರಿಸಿದಳು. ಎದುರಾಳಿಯಿಲ್ಲದೆ ಒಬ್ಬರೇ ಮಾಡುವ ಹೊಡೆತ, ತಡೆತಗಳ ಸಾಲಿಗೆ ಕತಾ ಎನ್ನುತ್ತಾರೆ. ನಡುವೆ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಳು. "ಇಷ್ಟೇ ಸಾರ್ ಹೇಳ್ಕೊಟ್ಟಿದ್ದು. ಆಮೇಲೆ ತಿಂಗಳು ಮುಗೀತು."

ಆ ಎತ್ತಿದ ಕೈ ರೈಲಿನಲ್ಲಿ ಬರುವಾಗಲೂ ಕಣ್ಣೆದುರಿಗಿತ್ತು. ತಿಪಟೂರು ಸ್ಟೇಷನ್ ಬರುವಷ್ಟರಲ್ಲಿ ನಾನೇ ಬಾಯಿಬಿಟ್ಟೆ. "ಹಾಲು ಬೇಡ ರೀ. ಬಳೆ ಕೊಡಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಹೋಗಿ ಬನ್ನಿ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ಜಾಗ ಹುಡುಕಿ, ಬಚ್ಚಲು ಇರಲೇಬೇಕು." ಇವರಿಗೆ ಅಷ್ಟು ರುಚಿಸಲಿಲ್ಲ. ಬೋರ್ಡಿಲ್ಲದ ಕ್ಲಾಸು ಎಂಥ ಕ್ಲಾಸು ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಇರಲಿ ಬಿಡಿ, ಗಂಡಸರ ಕನಸಿಗೆ ಬೋರ್ಡು ಬೇಕೇ ಬೇಕು.

ಒಂದು ಸಮುದಾಯ ಭವನ ಸಿಕ್ಕಿತು. ಕುರ್ಚಿಯಲ್ಲಿ ಕೂರಲು ಆ ತಾಯಿಯನ್ನೇ ಕೇಳಿದೆ. ಹೂ ಕಟ್ಟಿ ಮಾರುವವಳು. "ಅಲ್ಲೇ ಕೂತು ಕಟ್ತೀನಿ ಬಿಡಿ ಅಕ್ಕ" ಎಂದಳು. ಮಕ್ಕಳಿಬ್ಬರ ಫೀಸು ಬೇಡವೆಂದೆ. ಒಂದು ಹೊಸ ರಿಜಿಸ್ಟರ್, ಪಿನ್ನಿನ ಡಬ್ಬಿ, ಪ್ಯಾಕೆಟ್ಟು, ಒಂದು ಶಾಲು ಕಟ್ಟಿ ಇವರ ಕೈಯಲ್ಲಿ ಕಳಿಸಿದೆ. ಶಾಲು ಯಾಕೆ ಎಂದು ಇವರು ಕೇಳಿದರು. ಹದಿನೇಳು ವರ್ಷವಾದ ಮೇಲೆ!

ಮೊನ್ನೆಗೆ ನಾಲ್ಕು ಭಾನುವಾರವಾಯಿತು. 14 ಹೆಸರು, ಅದರಲ್ಲಿ ಹೆಣ್ಣುಮಕ್ಕಳು ಒಂಬತ್ತು, ಫೀಸು ಕೊಟ್ಟವರು ಐದು. ರೈಲು ಚಾರ್ಜು, ಬಾಡಿಗೆ ಕಳೆದರೆ ಕೈಗೆ ಹತ್ತುವುದು ಏನೂ ಇಲ್ಲ. ನಿನ್ನೆ ಆ ಮಹಡಿಯ ಮಾಲೀಕರು ಮತ್ತೆ ಫೋನು ಮಾಡಿದ್ದರು, ಅಡ್ವಾನ್ಸು ಸ್ವಲ್ಪ ಇಳಿಸುತ್ತಾರಂತೆ. ಇವರು ಫೋನು ಕೈಯಲ್ಲಿ ಹಿಡಿದೇ ನನ್ನ ಕಡೆ ನೋಡಿದರು.

"ಮೆಟ್ಟಿಲಿಗೆ ಬಲ್ಬು ಹಾಕಿಸಿದಾರಾ, ಕೇಳಿ" ಎಂದು ಅವರೆಕಾಯಿಯ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ.